ಕುಣಿಯಲ್ಲಿ ಸಿಗದ ಅನ್ನ

ಫೆಬ್ರವರಿ 12, ಗುರುವಾರ, ಬೆಳಿಗ್ಗೆ 7.40. ಭಾಲ್ಕಿ ತಾಲೂಕಿನ ಹಿನ್ನೀರಿನ ದಂಡೆಯ ಠಾಣೆಗೆ ಕುರಿಗಾರ ಬಕ್ಕಪ್ಪ ಬಂದಾಗ ಪಿಎಸ್‌ಐ ಶಿವಕಾಂತಾ ಚಹಾದ ಲೋಟ ಹಿಡಿದು ಕಿಟಕಿಯಾಚೆಯ ಮಂಜು ನೋಡುತ್ತಿದ್ದಳು. ಔರಾದಿನ ಒಣನೆಲದಲ್ಲಿ ಬೆಳೆದ ಹೆಣ್ಣುಮಗಳು. ಬೆಳಬೆಳಿಗ್ಗೆ ಅಷ್ಟೊಂದು ನೀರು ಕಂಡರೆ ತಾನಿನ್ನೂ ಎದ್ದೇ ಇಲ್ಲವೇನೋ ಎಂದು ಅವಳಿಗೆ ದಿನಾ ಅನಿಸುತ್ತಿತ್ತು.

"ಒಂಬತ್ತು ಕುರಿ ಸತ್ತಾವ್ರಿ ಮೇಡಂ. ನಾವು ಚಿಂತಾಕಿಯವರು, ಮೇಯಿಸ್ಲಿಕ್ಕಿ ಬಂದು ಐದು ದಿನ ಆಯ್ತು. ಯಾರೋ ವಿಷ ಹಾಕ್ಯಾರ."

"ಯಾರ ಮ್ಯಾಲ ಸಂಶಯ ಅದ?"

"ಇಲ್ಲಿ ಯಾರ ಗುರ್ತೂ ಇಲ್ಲರಿ. ಎಲ್ಲಿ ತಿಂದಾವ ಅಂತ ತಿಳಿಯೋತನಕ ಉಳಿದ ಇಪ್ಪತ್ತೆರಡು ನೀರಿಗಿ ಹ್ಯಾಂಗ ಬಿಡ್ಲಿ? ನಾನೂ ನನ್ನ ಹೆಂಡ್ತಿ ಸುಂದರಬಾಯಿನೂ ಕೊಡದಾಗ ತಂದು ಕುಡಿಸ್ಲಿಕತ್ತೇವಿ. ಎಷ್ಟು ದಿನ ನಡೀತದ?"

ಭಾರತೀಯ ನ್ಯಾಯ ಸಂಹಿತೆಯ ಕಲಂ 325ರಡಿ ಎಫ್‌ಐಆರ್ ದಾಖಲಾಯಿತು. 9.15ಕ್ಕೆ ಸ್ಥಳ ಪಂಚನಾಮೆ. ಹೊಟ್ಟೆ ಉಬ್ಬಿದ ಕುರಿಗಳು ಮಂಜಿನಲ್ಲಿ ಸಾಲಾಗಿ ಮಲಗಿದ್ದವು. ಕರೆದರೆ ಎದ್ದುಬಿಡುತ್ತವೆ ಅನ್ನುವ ಹಾಗಿತ್ತು. ಪಶುವೈದ್ಯ ಅಮೋಲ್ ಒಂದರ ಹೊಟ್ಟೆ ಸೀಳಿ ಮೂಗು ಮುಚ್ಚಿಕೊಂಡ.

"ವಿಷ ಅಲ್ಲ ಮೇಡಂ, ಬಿರ್ಯಾನಿ. ಲವಂಗ ಸುದ್ದಾ ಅದ ನೋಡ್ರಿ. ಕುರಿ ಹೊಟ್ಟಿತುಂಬ ಅನ್ನ ತಿಂದ್ರ ಒಳಗ ಹುಳಿ ಆಗ್ತದ, ಎರಡು ದಿನದಾಗ ಜೀವಾ ಹೋಗ್ತದ."

ಆ ದಂಡೆಯಲ್ಲಿ ಬಿರ್ಯಾನಿ ಬೇಯುವ ಜಾಗ ಒಂದೇ: ಬೀದರಿನ ಪ್ರವಾಸಿಗರನ್ನು ಕೂರಿಸಿಕೊಂಡು ಊಟ ಬಡಿಸುತ್ತಾ ತೇಲುವ ದೋಣಿ. ಅದರ ಮ್ಯಾನೇಜರ್ ಉಮೇರ ಪ್ರಶ್ನೆಗೆ ಮೊದಲೇ ಉತ್ತರ ಕೊಡುವ ಜಾತಿಯವನು.

"ದೋಣಿದು ಒಂದು ಅಗಳೂ ನೀರಿಗಿ ಬೀಳಂಗಿಲ್ಲರಿ! ಮುಸುರಿ ಎಲ್ಲಾ ಮುಚ್ಚಳದ ಡ್ರಮ್ಮಿನಾಗ ದಂಡಿಗಿ ತಂದು ಕುಣಿಗಿ ಹಾಕ್ತೇವಿ. ಲೈಸನ್ಸಿನ ಕಂಡೀಶನ್ ಅದ."

"ಕುಣಿ ತೆಗಿಸ್ರಿ."

ಕಾನ್‌ಸ್ಟೇಬಲ್ ಪಂಢರಿ ಪೊಲೀಸ್ ಕೆಲಸಕ್ಕೆ ಸೇರಿದ ಗಳಿಗೆಯನ್ನೇ ಶಪಿಸುತ್ತಾ ಸಲಿಕೆ ಹಿಡಿದ. ಎಲುಬು, ಉಳ್ಳಾಗಡ್ಡಿ ಸಿಪ್ಪೆ, ಚಹಾದ ಗಸಿ, ಮತ್ತೆ ಎಲುಬು. ಶಿವಕಾಂತಾ ಕುಣಿಯ ಅಂಚಿನಲ್ಲಿ ಬಹಳ ಹೊತ್ತು ಕೂತು ನೋಡಿದಳು.

"ಎರಡು ದಿನದ ಹಿಂದ ತಿಂದಾವಂದ್ರ, ಸೋಮವಾರ ರಾತ್ರಿ ಎಷ್ಟು ಮಂದಿ ಉಂಡ್ರು?"

"ಎಂಬತ್ತು ಮಂದಿ ಪಾರ್ಟಿ ಇತ್ತು. ಅರ್ಧ ಉಳೀತು."

"ಮತ್ತ ಅನ್ನ ಎಲ್ಲಿ? ಕುಣ್ಯಾಗ ಒಂದು ಅಗಳಿಲ್ಲ."

ಉಮೇರ ದೋಣಿಯ ಅಡುಗೆಮನೆಯತ್ತ ನೋಡಿದ. ಬಾಗಿಲಲ್ಲಿ ಚಿದ್ರಿಯ ಸಲಾವೋದ್ದೀನ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ದೋಣಿಯ ಅಡುಗೆಯವನು, ವಯಸ್ಸು ಅರವತ್ತರ ಮೇಲೆ, ಹುಟ್ಟಾ ಬಾವರ್ಚಿ.

"ಅನ್ನ ನೀರಿನ ನಡುವಿನ ಗುಡ್ಡಿ ಮ್ಯಾಲ ಇಡ್ತೇನ್ರಿ," ಎಂದ, ಮುಚ್ಚಿಡುವಂಥದ್ದೇನೂ ಇಲ್ಲದವನಂತೆ. "ಎಲುಬು, ಸಿಪ್ಪಿ ಕುಣಿಗಿ ಹಾಕ್ತೇನಿ. ಅನ್ನಾ, ರೊಟ್ಟಿ ಅದರಾಗ ಹ್ಯಾಂಗ ಒಗೀಲಿ? ದೇವರು ಕೊಟ್ಟ ತುತ್ತು, ರಿಜ್ಕ್ ಅದು. ದಿನಾ ನಸುಕಿನ ಫಜರ್ ನಮಾಜ್ ಮುಗಿಸಿ, ಬಂಡಿಗಲ್ಲು ತೊಳದು, ಹಕ್ಕಿಗಳಿಗಿ ಇಟ್ಟು ಬರ್ತೇನಿ. ಸುತ್ತ ನೀರು, ದನಾ ಕುರಿ ಹೋಗಂಗಿಲ್ಲ."

12.20ಕ್ಕೆ ಸಣ್ಣ ದೋಣಿಯಲ್ಲಿ ಶಿವಕಾಂತಾ, ಪಂಢರಿ, ಸಲಾವೋದ್ದೀನ ಮೂವರೂ ಹೊರಟರು. ಹುಟ್ಟಿನ ಸದ್ದು ಬಿಟ್ಟರೆ ಏನೂ ಇಲ್ಲ. ನೀರು ಯಾವುದು, ಆಕಾಶ ಯಾವುದು ತಿಳಿಯದಂತೆ ಎರಡೂ ಒಂದೇ ಬಣ್ಣ. ತನಿಖೆ ಎಂಬುದನ್ನೇ ಮರೆತು ಶಿವಕಾಂತಾ ಕೈಯನ್ನು ನೀರಿಗೆ ಬಿಟ್ಟಳು. ಯಾರೂ ಮಾತಾಡದಿದ್ದರೆ ಸಾಕು ಅನಿಸಿತು.

ಗುಡ್ಡೆಯ ಬಂಡೆ ತಾಟಿನಷ್ಟು ಸ್ವಚ್ಛವಾಗಿತ್ತು. ನಾಲ್ಕು ಅಗಳು ಉಳಿದಿದ್ದವು, ಎರಡು ಕೊಕ್ಕರೆ ಹಾರಿಹೋದವು. "ನೋಡ್ರಿ," ಎಂದ ಸಲಾವೋದ್ದೀನ, ಹೆಮ್ಮೆಯಿಂದಲೇ. ಶಿವಕಾಂತಾ ಬಂಡೆ ದಾಟಿ ಆಚೆ ಇಳಿದಳು. ಅವನು ಎಂದೂ ಇಳಿಯದ ಕಡೆ ಅದು. ಬೇಸಿಗೆ ಹತ್ತಿರವಾಗಿ ನೀರು ಸರಿದು, ಗುಡ್ಡೆಯಿಂದ ದಂಡೆಯವರೆಗೆ ಕೆಸರಿನ ದಾರಿ ಎದ್ದಿತ್ತು. ಅದರ ತುಂಬ ಕುರಿಗಳ ಗೊರಸಿನ ಗುರುತು.

"ಚಾಚಾ, ಇಲ್ಲಿ ಬರ್ರಿ."

ಬಂದ. ನೋಡಿದ. ಕುಕ್ಕರುಗಾಲಲ್ಲಿ ಕೂತು ಒಂದು ಗುರುತಿನ ಮೇಲೆ ಅಂಗೈ ಇಟ್ಟ. "ಯಾ ಅಲ್ಲಾ," ಎಂದನಷ್ಟೆ. ಅವನ ಮುಖ ನೋಡಲಾಗದೆ ಪಂಢರಿ ಟಿಪ್ಪಣಿ ಪುಸ್ತಕ ತೆರೆದ.

ಬಂಡೆಯ ಅನ್ನ ಜಪ್ತಿ ಮಾಡಿ, ಕೆಸರಿನ ದಾರಿಗೆ ಮುಳ್ಳುಬೇಲಿ ಹಾಕಿಸಿದರು. ಉಳಿದ ಕುರಿಗಳನ್ನು ನೀರಿಗೆ ಬಿಡಬಹುದೆಂದು ಬಕ್ಕಪ್ಪನಿಗೆ ಹೇಳಿಕಳಿಸಿದರು. ಸಂಜೆ 4.10ಕ್ಕೆ ಸಲಾವೋದ್ದೀನನ ದಸ್ತಗಿರಿ. ಕೊಲ್ಲುವ ಉದ್ದೇಶವಿರಲಿಲ್ಲ ಎಂದೂ ಶಿವಕಾಂತಾ ಬರೆದಳು. ಅದನ್ನು ತೂಗುವುದು ಕೋರ್ಟಿನ ಕೆಲಸ. ಹೇಳಿಕೆಯಲ್ಲಿ ಸಲಾವೋದ್ದೀನ ಒಂದೇ ಮಾತು ಸೇರಿಸಿದ: ಅವನ ಅಬ್ಬಾ ಮದುವೆಗಳ ಬಾವರ್ಚಿ, ಬೀಗರು ಎದ್ದ ಮೇಲೆ ಊಟಕ್ಕೆ ಹಾಸಿದ ದಸ್ತರಖಾನಿನ ಬಟ್ಟೆಯಿಂದ ಅಗಳು ಆರಿಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದ.

ಜಾಮೀನಿನ ಕಾಗದ ಬರೆಯುವಾಗ ಬಕ್ಕಪ್ಪ ಒಳಗೆ ಬಂದ. "ಕೇಸ್ ಹಿಂದ ತಗೊಳ್ಳಂಗಿಲ್ಲರಿ ನಾ," ಎಂದ ನೇರವಾಗಿ. "ಒಂಬತ್ತು ಹೋಗ್ಯಾವ."

"ತಗೋಬ್ಯಾಡ್ರಿ," ಎಂದ ಸಲಾವೋದ್ದೀನ. ಆಮೇಲೆ, "ಭಾಳ ತ್ರಾಸ್ ಆಯ್ತೇನ್ರಿ ಅವುಕ್ಕ?"

ಬಕ್ಕಪ್ಪ ಆ ಮುದುಕನ ಕೈಗಳನ್ನು ನೋಡಿದ.

"ಇಲ್ಲ. ಮಲಗಿದಲ್ಲೇ ಹೋದ್ವು."

ಎರಡು ರಾತ್ರಿ ಅವು ಹಲ್ಲು ಕಡಿದು ನರಳಿದವೆಂದು ಬೆಳಿಗ್ಗೆ ಅವನೇ ಅಳುತ್ತಾ ಬರೆಸಿದ್ದ. ಆ ಹಾಳೆ ಮೇಜಿನ ಮೇಲಿತ್ತು. ಶಿವಕಾಂತಾ ಅದನ್ನು ಮಗುಚಿ ಇಟ್ಟಳು.