ಅಯ್ಯಮ್ಮನ ಮುಂದ ಅರ್ಧ ತಾಸು

ನಮ್ಮೂರ ಕಾಲುವಿ ನೀರಿನ ಆಣಿ ಮಾಡಿ ಹೇಳ್ತೀನ್ರಿ, ಇದರಾಗ ಒಂದು ಮಾತೂ ಸುಳ್ಳಿಲ್ಲ. ದೇವಾಪುರದ ಈ ಖಂಡಪ್ಪ ಆಗ ನೂರಾ ಅರವತ್ತು ಕಿಲೋ ಇದ್ದ. ನಾ ಕಾಲುವ್ಯಾಗ ಇಳಿದ್ರ ನೀರು ಉಕ್ಕಿ ಕಡೀ ಹೊಲದ ತನಕ ಹೋಗ್ತಿತ್ತು. ಅಲ್ಲಿ ರೈತರು ಬಂದು, "ಖಂಡಪ್ಪಣ್ಣ, ನಾಳಿ ಒಂದೀಟು ಜಳಕ ಮಾಡೋ" ಅಂತ ಕೈಮುಗೀತಿದ್ರು.

ಆಮ್ಯಾಲ ಹೈದರಾಬಾದ್‌ನ್ಯಾಗ ಹೊಟ್ಟಿ ಸಣ್ಣದು ಮಾಡೋ ಆಪರೇಷನ್ ಆತು. ಚಾ ಕಪ್‌ನಷ್ಟು ಹೊಟ್ಟಿ ಉಳೀತು. ನಮ್ ಕಡಿ ಮಂದಿ ನಿಮಗ ಗೊತ್ತದಲ್ರಿ, "ಇನ್ನೊಂದು ರೊಟ್ಟಿ, ನನ್ನಾಣಿ" ಅಂತ ನೀಡೇ ಬಿಡ್ತಾರ. ಒಲ್ಲೆ ಅಂದ್ರ ಸಿಟ್ಟಾಗ್ತಾರ. ಅದಕ್ಕ ಯಾರ ಮನಿಗೂ ಹೋಗೂದು ಬಿಟ್ಟೆ. ಮನ್ಯಾಗ ನಾನೊಬ್ಬನೇ ಗ್ವಾಡಿ ಕಡಿ ಮಾರಿ ಮಾಡಿ ಕುಂಡ್ರೂದು, ಎರಡು ತುತ್ತಿಗಿ ಏಳೂದು.

ಸುರಪುರದ ಮೆಡಿಕಲ್ ಅಂಗಡ್ಯಾಗ ಅಯ್ಯಮ್ಮ ಗುಳಿಗಿ ಕೊಡ್ತಿದ್ಳು. ಫಾರ್ಮಸಿ ಓದಿದಾಕಿ.

"ಕಬ್ಬಿಣದ ಗುಳಿಗಿ ಮುಂಜಾನಿ, ಕ್ಯಾಲ್ಸಿಯಂ ಸಂಜಿಗಿ. ಎರಡೂ ಕೂಡಿ ನುಂಗಬ್ಯಾಡ್ರಿ. ಊಟ ಏನ್ ಮಾಡಿದ್ರಿ?"

"ಎರಡು ತತ್ತಿ, ಬ್ಯಾಳಿ, ನೀವು ಕೊಟ್ಟ ಪ್ರೋಟೀನ್ ಪೌಡರ್."

ಆಕಿ ಕಣ್ಣು ನನ್ನ ಉದುರಿ ತೆಳ್ಳಗಾದ ತಲಿಗೂದಲಕ್ಕ ಹೋತು, ಅಲ್ಲಿಂದ ಬೆಳ್ಳಗಾದ ಉಗುರಿಗಿ ಇಳೀತು.

"ಪೌಡರ್ ಡಬ್ಬಿ ಸೀಲ್ ಒಡದೀರೇನು?"

ಮನ್ಯಾಗ ಆ ಡಬ್ಬಿ ಸೀಲ್ ಹಂಗೇ ಇತ್ತು. ಸುಳ್ಳು ಹೇಳಿ ಸಿಕ್ಕೊಂಡಿದ್ದು ಅದೇ ಮೊದಲು.

"ಹಿಂಗೇ ಬಿಟ್ರ ಎದ್ದು ನಿಂದ್ರಾಕ ಆಗಂಗಿಲ್ಲ. ನಾಳಿಂದ ಮಧ್ಯಾಹ್ನ ನನ್ನ ಮುಂದ ಉಣ್ರಿ. ಅರ್ಧ ತಾಸು. ನಾ ನೀಡಂಗಿಲ್ಲ, ಆಣಿ ಹಾಕಂಗಿಲ್ಲ."

ಶಟರ್ ಅರ್ಧ ಇಳಿಸಿ ಎದುರುಬದುರು ಕುಂಡ್ರತಿದ್ವಿ. ಒಂದು ಚಮಚಿಗಿ ಇಪ್ಪತ್ತು ಸಲ ಅಗೀಬೇಕು. ಹದಿನೈದಕ್ಕ ನುಂಗಿದ್ರ ಆಕಿ ಹುಬ್ಬು ಏರ್ತಿತ್ತು. ಆ ಹುಬ್ಬು ನೋಡಾಕಂತನೇ ನಾ ಹದಿನೈದಕ್ಕ ನುಂಗ್ತಿದ್ದೆ.

ಆರು ತಿಂಗಳಿಗಿ ರಕ್ತದ ರಿಪೋರ್ಟ್ ಚಲೋ ಬಂತು.

"ಇನ್ನ ದಿನಾ ಬರೂದು ಬ್ಯಾಡ್ರಿ. ಮೂರು ತಿಂಗಳಿಗೊಮ್ಮಿ ಸಾಕು," ಅಂದ್ಳು. ರಿಪೋರ್ಟ್ ಮಡಚಿದ್ಳು, ಬಿಚ್ಚಿದ್ಳು, ಮತ್ತ ಮಡಚಿದ್ಳು.

ಮನಿಗಿ ಬಂದೆ. ಬ್ಯಾಳಿ ಆರಿ ಕೆನಿ ಕಟ್ಟಿತು, ಚಮಚಿ ಹಂಗೇ ಕೆಳಗಿಟ್ಟೆ. ಮನಿ ಅಷ್ಟು ದೊಡ್ಡದದ ಅಂತ ಅವತ್ತೇ ಗೊತ್ತಾತು. ನಾಕನೇ ದಿನ ಹೋಗಿ ಅಂಗಡಿ ಮುಂದ ನಿಂತೆ.

"ಏನ್ರಿ, ಗುಳಿಗಿ ಮುಗದ್ವೇನು?"

"ಇಲ್ರಿ. ನೀವು ಮುಂದ ಇಲ್ಲಂದ್ರ ಊಟ ಹೋಗವಲ್ದು. ಇದು ಸುಳ್ಳಲ್ಲ."

ಆಕಿ ಕೌಂಟರ್ ವರಸ್ಕೋತ, "ನನ್ನ ಬುತ್ತಿನೂ ಮೂರು ದಿನ ಹಂಗೇ ವಾಪಸ್ ಮನಿಗಿ ಹೋಗ್ಯಾದ," ಅಂದ್ಳು. ಮಾರಿ ಎತ್ತಲಿಲ್ಲ. "ಒಳಗ ಬರ್ರಿ."

ಈಗ ಒಂದೂವರಿ ಆತು ನೋಡ್ರಿ, ಒಳಗ ಅಯ್ಯಮ್ಮ ನಮ್ಮಿಬ್ಬರ ಬುತ್ತಿ ಬಿಚ್ಚಾಕತ್ತಾಳ. ನೀವು ನೆಗಡಿ ಗುಳಿಗಿಗಿ ಬಂದೋರು, ನೆಗಡಿಗೇನ್ ಅವಸರ? ಎರಡಕ್ಕ ಬರ್ರಿ. ಹೋಗೂಮುಂದ ಆ ಶಟರ್ ಒಂದೀಟು ಕೆಳಗ ಎಳೀರಿ, ನನ್ನ ಕೈ ಖಾಲಿ ಇಲ್ಲ, ಎರಡು ತಾಟು ಹಿಡದೀನಿ.