ಸಾಸಿವೆ ಸೋರುವ ಪೆಟ್ಟಿಗೆ

ಬಹಳ ಬಹಳ ಹಿಂದೆ, ನೀಲಾವತಿ ಎಂಬ ರಾಜ್ಯದಲ್ಲಿ ಚಿಕ್ಕೀರನೆಂಬ ಅಂಬಿಗನಿದ್ದ. ಹೊಟ್ಟೆಪಾಡಿಗೆ ದೋಣಿ, ಮನಸ್ಸಿನ ಖುಷಿಗೆ ಮರದ ಪೆಟ್ಟಿಗೆ. ಬಿಡುವಾದಾಗಲೆಲ್ಲ ಉಳಿ ಹಿಡಿದು ಕೂರುವನು. ಮುಚ್ಚಳಕ್ಕೆ ನವಿಲು, ಬಳ್ಳಿ ಕೆತ್ತಿ ಕೇಳಿದವರಿಗೆ ಕೊಟ್ಟುಬಿಡುವನು.

ಅವನ ಮೊದಲ ಪೆಟ್ಟಿಗೆ ಮಾತ್ರ ಹೆಂಡತಿ ಕೆಂಚಿಯ ಒಲೆಯ ಪಕ್ಕದಲ್ಲಿತ್ತು. ಗೊತ್ತಿಲ್ಲದೆ ಹಸಿಮರದಲ್ಲಿ ಮಾಡಿದ್ದು. ಕಾವಿಗೆ ಒಣಗಿ ಬಾಯಿಬಿಟ್ಟು, ಸಾಸಿವೆಯೆಲ್ಲ ಸೋರಿತ್ತು.

"ನಿನ್ ಕೈಗುಣ ನೋಡು ಮಾವ! ಸಾಸ್ವೆ ನಿಲ್ಲದ ಪೆಟ್ಗೆ!" ಎಂದು ಅವಳು ದಿನವೂ ಛೇಡಿಸುವಳು. ಬಿಸಾಡಿದಳೇ? ಅದು ಮಾತ್ರ ಇಲ್ಲ.

ಒಂದು ದಿನ ಹೊಗೆಮಲೆಯ ಮಾಂತ್ರಿಕ ಉರಿಗಣ್ಣ ದೋಣಿ ಹತ್ತಿದ. ಅವನು ಜನರ ದನಿ ಕದಿಯುವವನು. ಕದ್ದ ದನಿಗಳಿಂದಲೇ ಅವನ ಮಂತ್ರಕ್ಕೆ ಬಲ. ದೋಣಿಯಲ್ಲಿ ನಿಂತೇ ಇದ್ದವನನ್ನು ಕಂಡು, ಅಂದು ಗಂಡನ ಜೊತೆ ಬಂದಿದ್ದ ಕೆಂಚಿ, "ಕೂತ್ಕಳಯ್ಯಾ, ಮಗುಚ್ಕೊಂಡಾತು!" ಎಂದು ಗದರಿದಳು. ಅವನು ಚಿಟಿಕೆ ಹೊಡೆದ. ಅವಳ ದನಿ ಹೋಯಿತು.

"ಮಡಕೆಗಳಲ್ಲಿ ದನಿ ನಿಲ್ಲುತ್ತಿಲ್ಲ," ಎಂದ ಮಾಂತ್ರಿಕ. "ಸೋರದ ಪೆಟ್ಟಿಗೆ ಮಾಡಿಕೊಡು, ಇವಳ ದನಿ ಕೊಡುವೆ. ಮೂರು ಸಲ ನೋಡುವೆ. ಮೂರನೆಯದೂ ಸೋರಿದರೆ ನಿನ್ನ ದನಿಯೂ ನನ್ನದೇ."

ಚಿಕ್ಕೀರ ಬೀಟೆಯ ಪೆಟ್ಟಿಗೆ ಮಾಡಿದ. ಅದರಲ್ಲಿಟ್ಟ ಕೋಗಿಲೆಯ ದನಿ ಮೂಲೆಯ ಜೋಡಣೆಯಲ್ಲಿ ಸೋರಿತು. ಮಾಂತ್ರಿಕ ಸಿಟ್ಟಿನಲ್ಲಿ ಕಾಡಿನ ಕೋಗಿಲೆಗಳ ದನಿಯನ್ನೆಲ್ಲ ಕಿತ್ತುಕೊಂಡ.

ತೇಗದ ಪೆಟ್ಟಿಗೆ ಮಾಡಿದ. ಒಬ್ಬ ತಾಯಿಯ ಜೋಗುಳ ಕೀಲಿನ ಸಂದಿಯಲ್ಲಿ ಸೋರಿತು. ಮಾಂತ್ರಿಕ ಊರಿನ ಜೋಗುಳಗಳನ್ನೆಲ್ಲ ಕಿತ್ತುಕೊಂಡ. ಕೂಸುಗಳು ನಿದ್ದೆಯಿಲ್ಲದೆ ಅತ್ತವು.

ಚಿಕ್ಕೀರ ತಲೆಮೇಲೆ ಕೈಹೊತ್ತು ಕೂತ. "ಸೋರಿದರೆ ನಾವಿಬ್ಬರೂ ಮೂಕರು. ಸೋರದಿದ್ದರೆ ಎಲ್ಲರ ದನಿಯೂ ಎಂದೆಂದಿಗೂ ಸೆರೆ. ಏನು ಮಾಡಲಿ ಕೆಂಚಿ?"

ಕೆಂಚಿ ಮಾತಿಲ್ಲದೆ ಒಲೆಯ ಪಕ್ಕದ ಹಳೆಯ ಪೆಟ್ಟಿಗೆ ತಂದು ಅವನ ಮಡಿಲಲ್ಲಿಟ್ಟಳು. ಬಿರುಕಿನ ಮೇಲೆ ಬೆರಳಾಡಿಸಿ ನಕ್ಕಳು.

ಚಿಕ್ಕೀರ ಆಗತಾನೇ ಕಡಿದ ಮರ ತಂದು, ಹೊಳೆಯಲ್ಲಿ ನೆನೆಸಿ, ಪೆಟ್ಟಿಗೆ ಮಾಡಿದ. ಹಲಗೆಗಳು ಉಬ್ಬಿ ಕೂತವು. ಕೂದಲು ತೂರುವಷ್ಟೂ ಸಂದಿಯಿಲ್ಲ. ಮಾಂತ್ರಿಕ ಹೊಳೆದಂಡೆಯಲ್ಲೇ ಪರೀಕ್ಷಿಸಿದ. ಪಿಸುಮಾತೂ ಸೋರಲಿಲ್ಲ. ಕದ್ದ ದನಿಗಳನ್ನೆಲ್ಲ ತುಂಬಿದ, ಕೆಂಚಿಯದನ್ನೂ.

"ಅವಳ ದನಿ ಕೊಡ್ತೀನಂದ್ಯಲ್ಲ ಸ್ವಾಮಿ!"

"ಮಾಂತ್ರಿಕನ ಮಾತು ನಂಬಿದೆಯಾ, ಬೆಪ್ಪೇ?" ಎಂದು ಅವನು ಹೊರಟೇಹೋದ.

ಹೊಗೆಮಲೆಯ ಗುಹೆಯಲ್ಲಿ ಎಂದೂ ಆರದ ಬೆಂಕಿ. ಅದರ ಪಕ್ಕದಲ್ಲೇ ಪೆಟ್ಟಿಗೆಯಿಟ್ಟು ಮಲಗಿದ. ಮರ ಒಣಗಿತು, ಬಾಯಿಬಿಟ್ಟಿತು. ದನಿಗಳೆಲ್ಲ ಹಾಡುತ್ತ ಹಾರಿಹೋದವು. ಮಂತ್ರಬಲ ಕಳೆದು ಉರಿಗಣ್ಣ ಹಲ್ಲಿಯಾದ. ಲೊಚಗುಟ್ಟುವುದೊಂದೇ ಅವನಿಗೆ ಉಳಿಯಿತು.

ಇತ್ತ ಗುಡಿಸಿಲಲ್ಲಿ ಕೆಂಚಿ ತಟ್ಟನೆ ಅಂದಳು: "ಅನ್ನ ಸೀದೋಗ್ತಾ ಐತೆ, ಕಲ್ಲಿನಂಗೆ ಕೂತಿದ್ದೀಯಲ್ಲ ಮಾವ!"

ಚಿಕ್ಕೀರ ಗಳಗಳನೆ ಅತ್ತ. "ಬೈಯಿ ಕೆಂಚಿ, ಇನ್ನೊಂದಿಷ್ಟು ಬೈಯಿ!"

ಕೋಗಿಲೆಗಳು ಕೂಗಿದವು, ಕೂಸುಗಳು ಮಲಗಿದವು, ರಾಜ್ಯಕ್ಕೆಲ್ಲ ಸುಖವಾಯಿತು. ಚಿಕ್ಕೀರ ಮರಕ್ಕೆ ಕೈಮುಗಿದ, ಹೊಳೆಗೆ ಕೈಮುಗಿದ, ಕೊನೆಗೆ ಹಳೆಯ ಪೆಟ್ಟಿಗೆಗೂ ಕೈಮುಗಿದ. ಕೆಂಚಿ ಅದರ ತುಂಬ ಸಾಸಿವೆ ಸುರಿದಳು. ಅದು ಸೋರತೊಡಗಿತು.

"ಸೋರ್ಲಿ ಬಿಡು," ಎಂದಳು.