ಒಂದು ಬೀಟ್ ಲೇಟು

ಸಂಜೆ ಹಾಡಿನಲ್ಲಿ ಹೂಜಿಯನ್ನು ಸರಿಯಾದ ಹೊತ್ತಿಗೇ ಊದಿಬಿಟ್ಟರೆ ಆ ಟೈಲರ್ ಹುಡುಗಿ ತಿರುಗಿ ನೋಡುತ್ತಾಳೆಯೇ? ನೋಡಲು ಕಾರಣವೇ ಇರುವುದಿಲ್ಲವಲ್ಲ. ತಡಮಾಡಿದರೆ ನೋಡುತ್ತಾಳೆ, ನಿಜ. ಆದರೆ ಅದೇ ಕೊನೆಯ ನೋಟವಾಗಿಬಿಟ್ಟರೆ? ಗಡಿಯಾರ ರಿಪೇರಿಯವನು ಅಂಗಡಿಯ ಷಟರ್ ಎತ್ತುತ್ತ ಇದನ್ನೇ ಯೋಚಿಸುತ್ತಿದ್ದ.

ಅವರದು ಬ್ಲೂಸ್ ಎಂಬ ಅಮೆರಿಕದ ಹಳೇ ಧಾಟಿಯ ಹಾಡುಗಳನ್ನು ನುಡಿಸುವ ನಾಲ್ವರ ತಂಡ. ಕರೆಂಟಿನ ವಾದ್ಯ ಒಂದೂ ಇಲ್ಲ. ಮೌತ್ ಆರ್ಗನ್ ಪೋಸ್ಟ್‌ಮ್ಯಾನ್‌ನದು, ಗಿಟಾರ್ ಟೈಲರ್ ಹುಡುಗಿಯ ಅಣ್ಣನದು. ಆ ಹುಡುಗಿ ಹೊಲಿಗೆಯವರು ಸೂಜಿ ಚುಚ್ಚದಂತೆ ಹಾಕುವ ತಗಡಿನ ಟೋಪಿಗಳನ್ನು ಬೆರಳಿಗೆಲ್ಲ ತೊಟ್ಟು, ಬಟ್ಟೆ ಉಜ್ಜುವ ತಗಡಿನ ಹಲಗೆಯನ್ನು ಗರಗರ ಕೆರೆದು ತಾಳ ಹಾಕುವಳು. ಇವನು ಖಾಲಿ ಹೂಜಿಯ ಬಾಯಿಗೆ ತುಟಿ ಒಡ್ಡಿ ಬುಂ ಬುಂ ಊದುವನು.

ಒಂದು ಹಾಡಿನ ನಡುವೆ ಎಲ್ಲರೂ ಗಪ್ಪನೆ ನಿಲ್ಲುತ್ತಾರೆ. ಆ ಮೌನವನ್ನು ಹೂಜಿಯೇ ಮುರಿಯಬೇಕು. ಇವನು ಪ್ರತಿ ಸಲವೂ ಒಂದು ಬೀಟ್ ತಡ. ಆಗ ಅವಳು ಕತ್ತು ಹೊರಳಿಸಿ, ಹುಬ್ಬೇರಿಸಿ, ನಗು ಬಾರದಂತೆ ಕೆಳತುಟಿ ಕಚ್ಚಿ ನೋಡುವಳು.

"ಊರಿನ ಗಡಿಯಾರನೆಲ್ಲ ರಿಪೇರಿ ಮಾಡ್ತೀಯ, ನೀನೇ ಲೇಟಲ್ಲಪ್ಪಾ," ಎಂದಿದ್ದ ಅವಳಣ್ಣ, ಹೋದ ವಾರ. "ಡಬಲ್ ಬೇಸ್, ಆ ಆಳೆತ್ತರದ ಪಿಟೀಲು, ನುಡಿಸೋನು ಒಬ್ಬ ಸಿಕ್ಕಿದ್ದಾನೆ. ಇನ್ನೊಂದ್ ಸಲ ಹೀಗಾದ್ರೆ ನಿನ್ ಜಾಗಕ್ಕೆ ಅವನನ್ನೇ ಕರೀತೀನಿ. ಬೇಜಾರ್ ಮಾಡ್ಕೋಬೇಡ."

ಆ ದಿನ ಮಧ್ಯಾಹ್ನ ಅವಳೇ ಅಂಗಡಿಗೆ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

"ಹೂಜಿಯವರೇ, ಹೂಜಿ ತಗೊಳ್ಳಿ. ಕಲಿಸ್ತೀನಿ."

"ಈಗಲಾ? ಗಿರಾಕಿಗಳು ಬರ್ತಾರೆ."

"ಬಂದ್ರೆ ಟಿಕೆಟ್ ಕೇಳೋಣ."

ಕೌಂಟರಿನ ಗಾಜಿನ ಮೇಲೆ ಬೆರಳು ತಟ್ಟಿದಳು, ನಿಲ್ಲಿಸಿದಳು. ಇವನು ಊದಿದ. ಕರಾರುವಾಕ್ಕಾಗಿ ಬಂತು. ಮತ್ತೆ ಊದಿಸಿದಳು; ಮತ್ತೆ ಸರಿ. ಅವಳು ಎದುರಿಗೇ ನಿಂತು ನೋಡುತ್ತಿರುವಾಗ ತಡಮಾಡಬೇಕೆಂಬುದೇ ಅವನಿಗೆ ಮರೆತುಹೋಗಿತ್ತು.

"ಇಲ್ಲಿ ಬರುತ್ತಲ್ಲ. ಅಲ್ಲೇನಾಗುತ್ತೆ ನಿಮಗೆ?"

ಮಾತು ಬಾಯಿಯವರೆಗೆ ಬಂತು. "ಉಸಿರು ಸಾಲಲ್ಲ," ಎಂದ.

"ಸಾಲಿಸಿಕೊಳ್ಳಿ. ಆ ಡಬಲ್ ಬೇಸ್‌ನವನ ಪಕ್ಕ ಕೂತು ನಂಗೆ ಬಾರ್ಸೋಕಾಗಲ್ಲ." ಹಾಗೆಂದವಳು ಥಟ್ಟನೆ ಗೋಡೆಯತ್ತ ತಿರುಗಿ ಟೈಮ್ ನೋಡುವವಳಂತೆ ನಿಂತಳು. ಆ ಗೋಡೆಯ ಗಡಿಯಾರಗಳೆಲ್ಲ ರಿಪೇರಿಗೆ ಬಂದಂಥವು, ಒಂದೂ ನಡೆಯುತ್ತಿರಲಿಲ್ಲ.

ಸಂಜೆ, ಹಾಡಿನ ನಡುವೆ ಆ ಮೌನ ಬಂತು. ಇವನು ಕಣ್ಣು ಮುಚ್ಚಿ ಸರಿಯಾಗಿ ಊದಿದ. ಅವಳ ಹಲಗೆಯೂ ಜೊತೆಗೇ ಹೊರಟಿತು. ಅವಳು ತಿರುಗಲಿಲ್ಲ. ತನ್ನ ಜಾಗವನ್ನು ಉಳಿಸಿಕೊಂಡವನಿಗೆ ಎದೆಯಲ್ಲಿ ಚುರುಕ್ಕೆಂದಿತು.

ಎರಡು ಸಾಲು ಕಳೆದ ಮೇಲೆ, ಯಾವ ಕಾರಣವೂ ಇಲ್ಲದೆ ಅವಳು ಕತ್ತು ಹೊರಳಿಸಿದಳು. ಈ ಸಲ ತುಟಿ ಕಚ್ಚಲಿಲ್ಲ, ನಕ್ಕಳು. ಕೈ ತಾಳ ತಪ್ಪಿತು. ಅಣ್ಣ ದುರುಗುಟ್ಟಿ ನೋಡಿದ.

"ಈ ಸಲ ನೀವು ಲೇಟು," ಎಂದ ಇವನು, ಎಲ್ಲ ಮುಗಿದ ಮೇಲೆ ಹೂಜಿಯನ್ನು ಬಟ್ಟೆಯಲ್ಲಿ ಸುತ್ತುತ್ತ.

"ಗೊತ್ತು. ನಾಳೆ ಅಂಗಡಿಗೆ ಬರ್ತೀನಿ. ನೀವು ಕಲಿಸಿ."

ಮುಂದಿನ ವರ್ಷ ಅವರ ಮದುವೆಯಾಯಿತು. ಮನೆಗೆ ಬಂದವರಿಗೆಲ್ಲ ಅವಳು, ಇವರಿಗೆ ತಾಳ ಕಲಿಸಿದ್ದೇ ನಾನು ಎನ್ನುತ್ತಾಳೆ. ಅವನು ತಲೆಯಾಡಿಸುತ್ತಾನೆ. ಬೇಕೆಂದೇ ತಡಮಾಡುತ್ತಿದ್ದೆ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.